ನಲವತ್ತಾರು ಸುತ್ತು

ಟೀಚರ್ ತಮ್ಮ ಜನರೇಟರನ್ನು ವೈಂಡಿಂಗ್ ಅಕ್ಕನ ಅಂಗಡಿಗೆ ತಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ತರಕಾರಿ ಸಾಗಿಸುವ ಮೂರು ಚಕ್ರದ ಗಾಡಿಯಲ್ಲಿ. ಇಳಿಸುವಾಗ ಗಾಡಿಯವನಿಗೆ "ಹುಷಾರು, ಹುಷಾರು" ಎನ್ನುತ್ತಲೇ ಇದ್ದರು. ಇಳಿಸಿಯಾದ ಮೇಲೆ ಅದರ ನೆತ್ತಿಗೆ ತಾವೇ ಒಂದು ಏಟು ಕೊಟ್ಟು, "ಇದರ ಉಪದ್ರವ ಸಾಕಾಯ್ತಮ್ಮ ನಂಗೆ" ಎಂದರು.

ಟೀಚರ್ ಮೂವತ್ತನಾಲ್ಕು ವರ್ಷ ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಎರಡು ಪೆಟ್ಟಿಗೆ ಇಟ್ಟುಕೊಂಡು ಕೋಳಿಮರಿ ಮಾಡಿಸುತ್ತಿದ್ದರು. ಕರೆಂಟ್ ಹೋದಾಗ ಇರಲಿ ಎಂದು ಈ ಜನರೇಟರನ್ನು ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದರು.

"ಪೆಟ್ಟಿಗೆಯ ಹೀಟರ್ ಹತ್ತಿಕೊಂಡ ಕೂಡ್ಲೇ ವೋಲ್ಟೇಜ್ ಕುಸಿಯುತ್ತೆ, ಫ್ಯಾನು ಏದುಸಿರು ಬಿಡುತ್ತೆ. ಹೀಟರ್ ಆರಿದ ಕೂಡ್ಲೇ ಎಗರುತ್ತೆ. ಹೋದ ತಿಂಗಳು ಹಾಗೇ ಎಗರಿ, ಶಾಖ ನೋಡ್ಕೊಳ್ಳೋ ಸರ್ಕಿಟ್ಟೇ ಸುಟ್ಟುಹೋಯ್ತು. ಮೂರು ಸಲ ಆ ಕಪ್ಪು ಡಬ್ಬಿ ಬದಲಾಯಿಸಿದ್ದಾಯ್ತು. ಹಾಡಿದ್ದೇ ಹಾಡೋ ಕಿಸಬಾಯಿದಾಸ."

ಕಪ್ಪು ಡಬ್ಬಿ ಎಂದರೆ ಎವಿಆರ್; ವೋಲ್ಟೇಜನ್ನು ಹದದಲ್ಲಿಡುವ ಅಂಗೈಯಗಲದ ಒಂದು ಸರ್ಕಿಟ್. ಜನರೇಟರಿನಲ್ಲಿ ಏನೇ ಕೆಟ್ಟರೂ ಮೊದಲು ಪೆಟ್ಟು ತಿನ್ನುವುದು ಅದೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಿದಾರೆ ಬಿಡಿ. ಯಾವತ್ತಿಗೆ ಬೇಕು?" ಎಂದು ಅಕ್ಕ ಕೇಳಿದಳು.

"ಮಂಗಳವಾರ, ಬುಧವಾರ ಎರಡು ದಿನ ಹಗಲೆಲ್ಲ ಕರೆಂಟ್ ಇರಲ್ವಂತೆ. ಕಂಬ ಬದಲಾಯಿಸ್ತಾರಂತೆ. ಗುರುವಾರ ನನ್ನ ಮೊಟ್ಟೆ ಒಡೆಯೋ ದಿನ. ಇನ್ನೂರ ಎಂಬತ್ತು ಇವೆ. ಕೊನೇ ಎರಡು ದಿನ ಕಾವು ತಪ್ಪಿದ್ರೆ ಒಳಗೇ ಸಾಯ್ತವೆ."

ಒಳಗಿನ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಅಕ್ಕನ ಗಂಡ ಕೆಮ್ಮಿದ. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಕಂಬ ಬದಲಾಯಿಸುವವರಲ್ಲಿ ಅವನೂ ಒಬ್ಬ.

"ನೋಡಿ ಟೀಚರ್, ಕರೆಂಟ್ ಕೀಳೋದು ಗಂಡ, ಕೊಡೋದು ಹೆಂಡತಿ. ಸಂಸಾರ ನಡೀಬೇಕಲ್ಲ" ಎಂದ. ಟೀಚರಿಗೆ ನಗು ಬಂತು. ಬಂದಾಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಅಂಗಡಿ ದೊಡ್ಡದೇನಲ್ಲ. ಬೀದಿಯ ತಿರುವಿನಲ್ಲಿ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಮನೆ. ಗೋಡೆಯ ಮೊಳೆಗಳಿಗೆ ತಾಮ್ರದ ತಂತಿಯ ಉರುಳೆಗಳು, ಸುಟ್ಟ ಫ್ಯಾನಿನ ಹೊಟ್ಟೆಗಳು. ಎಲ್ಲದಕ್ಕೂ ವಾರ್ನಿಶ್ ವಾಸನೆ. ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಕ್ಕನ ಅಪ್ಪ. ಎಪ್ಪತ್ತೆಂಟು ವಯಸ್ಸು. ಈ ಅಂಗಡಿ ಶುರು ಮಾಡಿದವರು, ಮಗಳಿಗೆ ತಂತಿ ಸುತ್ತುವ ವಿದ್ಯೆ ಕಲಿಸಿದವರು. ಈಗ ಬೆರಳು ನಡುಗುತ್ತಿದ್ದರಿಂದ ತಂತಿ ಮುಟ್ಟುತ್ತಿರಲಿಲ್ಲ. ಕಾಯಿಲಿನ, ಎಂದರೆ ತಂತಿಯ ಸುರುಳಿಯ, ಕೆಳಗೆ ಹಾಸುವ ದಪ್ಪ ಕಾಗದವನ್ನು ಅಳತೆಗೆ ಕತ್ತರಿಸಿಕೊಡುವುದಷ್ಟೇ ಅವರ ಕೆಲಸ. ಊರೆಲ್ಲ ವೈಂಡಿಂಗ್ ಅಕ್ಕ ಎನ್ನುವ ಮಗಳನ್ನು ಅವರು ಮಾತ್ರ ಎಡಚಿ ಎಂದೇ ಕರೆಯುತ್ತಿದ್ದರು. ಅವಳು ಎಡಗೈಯವಳು.

ಅಕ್ಕ ಮೊದಲು ಜನರೇಟರನ್ನು ಹಾಗೆಯೇ ಓಡಿಸಿ ನೋಡಿದಳು. ಇಂಜಿನ್ನಿನ ವೇಗ ಸರಿಯಾಗಿತ್ತು. ಯಾವ ಭಾರವೂ ಇಲ್ಲದೆ ಮೀಟರು ಇನ್ನೂರ ಅರವತ್ತೆಂಟು ತೋರಿಸಿತು. ಇರಬೇಕಾದದ್ದು ಇನ್ನೂರ ಮೂವತ್ತು. ಹಲಗೆಯ ಮೇಲೆ ಸಾಲಾಗಿ ಕೂರಿಸಿದ ಹದಿನೈದು ಬಲ್ಬುಗಳನ್ನು ಒಂದೊಂದಾಗಿ ಹಾಕುತ್ತ ಹೋದಳು. ಐದನೆಯದಕ್ಕೆ ಮೀಟರು ಇಳಿಯತೊಡಗಿತು. ಹದಿನೈದಕ್ಕೆ ನೂರ ಎಪ್ಪತ್ತು. ಬಲ್ಬುಗಳು ಕಾಮಾಲೆ ಬಂದವರಂತೆ ಹಳದಿಯಾಗಿ ನಿಂತವು.

"ಡಬ್ಬಿದೇನೂ ತಪ್ಪಿಲ್ಲ ಟೀಚರ್," ಎಂದಳು. "ಭಾರ ಬಿದ್ದಾಗ ಅದು ಜಾಸ್ತಿ ಶಕ್ತಿ ಕೊಡ್ಬೇಕು. ಅದಕ್ಕೆ ಬೇಕಾದ ಊಟ ಒಳಗಿನ ಒಂದು ಸಣ್ಣ ವೈಂಡಿಂಗಿಂದ ಬರ್ಬೇಕು. ಅಲ್ಲಿಂದ ಊಟ ಸಾಲ್ತಿಲ್ಲ. ನಿಮ್ಮ ಮೆಕ್ಯಾನಿಕ್ ಅದು ತಿಳೀದೆ ಡಬ್ಬಿಯ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸಿಟ್ಟಿದಾನೆ. ಭಾರ ಇದ್ದಾಗ ಏಳಲ್ಲ, ಇಲ್ದಿದ್ದಾಗ ಆಕಾಶಕ್ಕೆ ಹೋಗುತ್ತೆ."

ಟೀಚರ್ ಒಪ್ಪಿ ತಲೆಯಾಡಿಸಿದರು. ಮುಚ್ಚಳ ಬಿಚ್ಚುವುದನ್ನು ನೋಡಿಯೇ ಹೋಗುತ್ತೇನೆಂದು ಒಂದು ಸ್ಟೂಲು ಎಳೆದುಕೊಂಡು ಕುಳಿತರು.

ತಿರುಗುವ ಭಾಗವನ್ನು ಹೊರಗೆಳೆದು ಅಕ್ಕ ಟಾರ್ಚ್ ಬಿಟ್ಟಳು. ಕಬ್ಬಿಣದ ಬಳೆಯ ಒಳಸುತ್ತಿನಲ್ಲಿ ಸಂದುಗಳು. ಸಂದುಗಳಲ್ಲಿ ತಾಮ್ರದ ಕಾಯಿಲುಗಳು. ಸಣ್ಣ ವೈಂಡಿಂಗಿನ ಸಂದುಗಳು ಅರ್ಧಕ್ಕರ್ಧ ಬಿದಿರಿನ ಸೀಳಿನಿಂದ ತುಂಬಿದ್ದವು.

"ಇಲ್ನೋಡಿ ಅವತಾರ. ಇದನ್ನ ಮುಂಚೇನೇ ಯಾರೋ ಬಿಚ್ಚಿ ಸುತ್ತಿದಾರೆ. ತಂತಿ ಹಾಕೋ ಜಾಗದಲ್ಲಿ ಬಿದಿರು ತುರುಕಿದಾರೆ. ಇಷ್ಟು ಖಾಲಿ ಜಾಗ ಇದೆ, ಬಾಡಿಗೆಗೆ ಬಿಡಬಹುದಿತ್ತು. ಯಾವ ಪುಣ್ಯಾತ್ಮನೋ ಏನೋ, ಇಂಥವರ ಕೈಗೆ ತಂತಿ ಇರ್ಲಿ, ಸೂಜಿದಾರಾನೂ ಕೊಡಬಾರದು."

ಟೀಚರಿಗೆ ಅದು ಬಹಳ ಹಿಡಿಸಿತು. "ಸೂಜಿದಾರಾನೂ ಕೊಡಬಾರದು" ಎಂದು ಮತ್ತೊಮ್ಮೆ ತಾವೂ ಹೇಳಿ ನಕ್ಕು, ಸೋಮವಾರ ಸಂಜೆ ಬರುತ್ತೇನೆಂದು ಎದ್ದು ಹೋದರು. ಅಪ್ಪ ಕುರ್ಚಿಯಲ್ಲಿ ಕುಳಿತು ಕಾಗದ ಕತ್ತರಿಸುತ್ತಿದ್ದರು.

ಊಟವಾದ ಮೇಲೆ ಅಕ್ಕ ಕಾಯಿಲುಗಳನ್ನು ಬಿಚ್ಚಲು ಕುಳಿತಳು. ತುದಿಗಳನ್ನು ಒಟ್ಟಿಗೆ ಕಟ್ಟಿದ್ದ ದಾರವನ್ನು ಕತ್ತರಿಸಬೇಕು. ಬ್ಲೇಡ್ ಇಟ್ಟವಳು ತಡೆದಳು. ದಾರದ ಹೊಲಿಗೆ ಬಲದಿಂದ ಎಡಕ್ಕೆ ಹೋಗಿತ್ತು. ಪ್ರತಿ ಮೂರನೆಯ ಸುತ್ತಿಗೆ ಒಂದು ಜೋಡಿ ಗಂಟು, ಗಂಟಿನ ಬಾಲ ಮತ್ತೆ ಅದರ ಹೊಟ್ಟೆಯೊಳಗೆ. ಜೋಡಿ ಗಂಟು ಅಪ್ಪನದು. ಬಲದಿಂದ ಎಡಕ್ಕೆ ಹೋಗುವುದು ಎಡಗೈ. ಎರಡೂ ಸೇರಿದ ಹೊಲಿಗೆ ಹಾಕುವವರು ಊರಿಗೆಲ್ಲ ಒಬ್ಬರೇ ಇದ್ದರು.

ಅವಳು ಬ್ಲೇಡನ್ನು ಮೇಜಿನ ಮೇಲಿಟ್ಟಳು. ಕಿವಿ ಬಿಸಿಯಾಗಿತ್ತು.

ಆಮೇಲೆ ಎದ್ದು ತನ್ನ ದಪ್ಪ ನೋಟ್‌ಬುಕ್ಕನ್ನು ತೆಗೆದಳು. ಸುತ್ತಿದ ಪ್ರತಿ ಯಂತ್ರದ ವಿವರ ಅದರಲ್ಲಿತ್ತು: ತಂತಿಯ ದಪ್ಪ, ಸುತ್ತಿನ ಸಂಖ್ಯೆ, ಯಾವ ಸಂದಿನಿಂದ ಯಾವ ಸಂದಿಗೆ. ನಾಲ್ಕು ವರ್ಷದ ಹಿಂದಿನ ಪುಟದಲ್ಲಿ ಇದೇ ಮಾದರಿಯ ಜನರೇಟರ್ ಸಿಕ್ಕಿತು. ಬೀದಿಬದಿ ಬಟ್ಟೆ ಮಾರುವವನೊಬ್ಬ ತಂದದ್ದು. ಸಣ್ಣ ವೈಂಡಿಂಗ್, ಕಾಯಿಲಿಗೆ ನಲವತ್ತಾರು ಸುತ್ತು. ಅಟ್ಟದ ಮೇಲಿಂದ ಅಪ್ಪನ ಹಳೆಯ ಪುಸ್ತಕವನ್ನೂ ಇಳಿಸಿ ಧೂಳು ಕೊಡವಿದಳು. ಅದೇ ಮಾದರಿ, ಅಪ್ಪನ ದುಂಡಕ್ಷರದಲ್ಲಿ: ಅರವತ್ನಾಲ್ಕು.

ಅಂದು ಹಳೆಯ ಕಾಯಿಲನ್ನು ಎಣಿಸಿ ಬರೆದುಕೊಳ್ಳುವಾಗ ಮೊದಲು ಆರು, ಆಮೇಲೆ ನಾಲ್ಕು ಬರೆಯುವ ಬದಲು ಹಿಂದುಮುಂದು ಮಾಡಿದ್ದಳು. ಸುತ್ತುವಾಗ ಪುಸ್ತಕ ನೋಡಿಯೇ ಸುತ್ತಿದ್ದಳು. ಸಂದಿನಲ್ಲಿ ಜಾಗ ಉಳಿದಾಗ ಯಾಕೆಂದು ಯೋಚಿಸುವ ಬದಲು ಬಿದಿರು ತುರುಕಿದ್ದಳು. ಬಟ್ಟೆಯವನು ನಾಲ್ಕು ಬಲ್ಬು ಉರಿಸುತ್ತಿದ್ದನಷ್ಟೆ. ಅಷ್ಟಕ್ಕೆ ಅದು ಸಾಕಾಗಿತ್ತು. ಅವನು ಮಾರಿದ, ಟೀಚರ್ ಕೊಂಡರು, ಹೀಟರಿಗೆ ಸಾಕಾಗಲಿಲ್ಲ.

ಅವಳು ಆ ತಾರೀಖನ್ನು ಮತ್ತೆ ಮತ್ತೆ ನೋಡಿದಳು. ಅಮ್ಮ ತೀರಿಕೊಂಡ ವರ್ಷವೇ? ಅಲ್ಲ. ತನಗೆ ಜ್ವರ ಬಂದು ಮಲಗಿದ ತಿಂಗಳೇ? ಅಲ್ಲ. ಅದೊಂದು ಸಾಧಾರಣ ಮಂಗಳವಾರ. ಅದೇ ಪುಟದಲ್ಲಿ ಎರಡು ಫ್ಯಾನು, ಒಂದು ಮಿಕ್ಸಿ. ನೆಪಕ್ಕೆ ಒಂದು ತಲೆನೋವೂ ಸಿಗಲಿಲ್ಲ.

"ಅಪ್ಪ," ಎಂದಳು.

"ಹೂಂ."

"ಇದು ನಾನೇ ಸುತ್ತಿದ್ದು."

"ಗೊತ್ತು," ಎಂದರು ಅಪ್ಪ, ಕತ್ತರಿ ನಿಲ್ಲಿಸದೆ. "ನೀನು ಟಾರ್ಚ್ ಬಿಟ್ಟಾಗಲೇ ಹೊಲಿಗೆ ಕಾಣಿಸ್ತು."

"ಹೇಳಬಾರದಿತ್ತಾ?"

"ನೀನು ಅಷ್ಟು ಚೆನ್ನಾಗಿ ಬೈತಿದ್ದೆ. ಮಧ್ಯೆ ಬಾಯಿ ಹಾಕಿದ್ರೆ ಓಟ ಕೆಡುತ್ತೆ ಅಂತ ಸುಮ್ನಿದ್ದೆ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಅಪ್ಪ ಕತ್ತರಿ ಕೆಳಗಿಟ್ಟರು. "ನಿನ್ನ ವಯಸ್ಸಲ್ಲಿ ನಾನೊಂದು ನೀರಿನ ಪಂಪ್ ಮೋಟಾರ್ ಸುತ್ತಿದೆ. ಉಲ್ಟಾ ತಿರುಗ್ತು. ಪಂಪಿನವನು ಎರಡು ದಿನ ಬಾವಿ ಬತ್ತಿದೆ ಅಂತಾನೇ ತಿಳ್ಕೊಂಡಿದ್ದ. ಎಲ್ರ ಎಲೆಯಲ್ಲೂ ಹೆಗ್ಗಣ ಬಿದ್ದಿರುತ್ತೆ, ಎಡಚಿ. ಪಕ್ಕದ ಎಲೆ ನೊಣ ಎಣಿಸೋವಾಗ ಸ್ವಲ್ಪ ಮೆಲ್ಲಗೆ ಎಣಿಸಬೇಕು, ಅಷ್ಟೆ."

ಗಂಡ ಸಂಜೆ ಬಂದಾಗ ಅವನಿಗೂ ಹೇಳಿದಳು. ಅವನು ಬೂಟು ಬಿಚ್ಚುತ್ತ, "ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳೋದು ಬಿಡೋದು ನಿನ್ನಿಷ್ಟ" ಎಂದ. ಎರಡನೆಯ ಬೂಟನ್ನೂ ಬಿಚ್ಚಿಟ್ಟು, "ಆದ್ರೆ ನಿನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲ್ಲ, ಅದೂ ನಂಗೊತ್ತು" ಎಂದು ಸೇರಿಸಿದ.

ಶನಿವಾರ ಅವಳು ಹಳೆಯ ತಂತಿಯನ್ನೆಲ್ಲ ಕಿತ್ತಳು. ಸಣ್ಣ ವೈಂಡಿಂಗ್ ಒಂದನ್ನೇ ಬದಲಿಸಿದರೂ ನಡೆಯುತ್ತಿತ್ತೇನೋ, ಆದರೆ ವಾರ್ನಿಶ್ ಎಲ್ಲವನ್ನೂ ಒಂದೇ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಎಡವಟ್ಟು ಕೆಲಸಕ್ಕೆ ತೇಪೆ ಹಾಕಲು ಅವಳಿಗೆ ಮನಸ್ಸೂ ಬರಲಿಲ್ಲ. ಸಂದುಗಳನ್ನು ಕೆರೆದು ಒರೆಸಿದಳು. ಅಪ್ಪ ಕತ್ತರಿಸಿಟ್ಟ ಕಾಗದ ಒಂದೊಂದರೊಳಗೂ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಬೆರಳು ನಡುಗಿದರೂ ಅವರ ಕತ್ತರಿ ನಡುಗುತ್ತಿರಲಿಲ್ಲ.

ಮಧ್ಯಾಹ್ನ ಪಕ್ಕದ ಟೈಲರ್ ಬಾಬಿನ್ ಚಕ್ರ ಸರಿಮಾಡಿಸಲು ಬಂದವನು, "ಏನಕ್ಕ, ಯಾರಿಗೋ ಸೂಜಿದಾರಾನೂ ಕೊಡಬಾರದು ಅಂದ್ಯಂತೆ? ಟೀಚರ್ ಬ್ಲೌಸ್ ಕೊಡೋಕೆ ಬಂದು ಹೇಳಿ ಹೇಳಿ ನಗ್ತಿದ್ರು" ಎಂದ. ಅಕ್ಕ ತಂತಿಯ ಉರುಳೆಯ ಕಡೆ ತಿರುಗಿ ಏನನ್ನೋ ಹುಡುಕಿದಳು.

ಭಾನುವಾರ ಸುತ್ತುವ ಕೆಲಸ. ಮರದ ಅಚ್ಚನ್ನು ಕೈಚಕ್ರಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ತಂತಿ ಹಿಡಿದು ಬಲಗೈಯಲ್ಲಿ ತಿರುಗಿಸುತ್ತ ಎಣಿಸಿದಳು. ಅಪ್ಪನೂ ಕುರ್ಚಿಯಿಂದಲೇ ತುಟಿಯಲ್ಲಿ ಎಣಿಸುತ್ತಿದ್ದರು. ಅರವತ್ನಾಲ್ಕು ಎಂದು ಇಬ್ಬರೂ ಒಟ್ಟಿಗೆ ಹೇಳಿದಾಗ ಮಾತ್ರ ಅವಳು ತಂತಿ ಕತ್ತರಿಸಿದಳು. ಈ ಸಲ ಸಣ್ಣ ವೈಂಡಿಂಗಿನ ಸಂದುಗಳು ಭರ್ತಿಯಾದವು. ಬಿದಿರಿನ ತೆಳು ಚಕ್ಕೆಯೊಂದು ಮೇಲೆ ಮುಚ್ಚಳದಂತೆ ಜಾರಿ ಕೂತಿತು, ಅಷ್ಟೆ. ಸಂಜೆಯ ಹೊತ್ತಿಗೆ ಹೊಲಿಗೆಯೂ ಮುಗಿಯಿತು: ಬಲದಿಂದ ಎಡಕ್ಕೆ, ಮೂರಕ್ಕೊಂದು ಜೋಡಿ ಗಂಟು. ಬೇರೆ ಥರ ಹಾಕಬಹುದಿತ್ತು ಎಂಬ ಯೋಚನೆ ಒಂದು ಕ್ಷಣ ಬಂದುಹೋದದ್ದು ನಿಜ. ಹಾಕಲಿಲ್ಲ. ವಾರ್ನಿಶ್ ಸುರಿದು, ಸೋಮವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ತಗಡಿನ ಒಲೆಪೆಟ್ಟಿಗೆಯಲ್ಲಿ ಒಣಗಿಸಿದಳು.

ಸೋಮವಾರ ಸಂಜೆ ಟೀಚರ್ ಬಂದಾಗ ಜನರೇಟರ್ ಬಾಗಿಲ ಹೊರಗೆ ಸಿದ್ಧವಾಗಿ ನಿಂತಿತ್ತು. ಅಕ್ಕ ಹಗ್ಗ ಎಳೆದಳು. ಡಬ್ಬಿಯ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೇ ತಂದಿದ್ದಳು. ಮೀಟರು ಇನ್ನೂರ ಮೂವತ್ತು ತೋರಿಸಿತು. ಬಲ್ಬುಗಳನ್ನು ಒಂದೊಂದಾಗಿ ಹಾಕಿದಳು. ಐದು, ಎಂಟು, ಹನ್ನೆರಡು. ಇಂಜಿನ್ನಿನ ಸದ್ದು ಪ್ರತಿ ಸಲವೂ ಒಂದಿಷ್ಟು ತಗ್ಗಿ ಮತ್ತೆ ಸರಿಹೋಗುತ್ತಿತ್ತು. ಹದಿನೈದೂ ಉರಿದಾಗ ಮೀಟರಿನಲ್ಲಿ ಇನ್ನೂರ ಇಪ್ಪತ್ತೇಳು. ಬೆಳ್ಳಗೆ ಬೆಳಗಿದ ಸಾಲನ್ನು ಎದುರು ಮನೆಯವರೂ ಬಾಗಿಲಿಗೆ ಬಂದು ನೋಡಿದರು. ಒಮ್ಮೆಗೇ ಎಲ್ಲವನ್ನೂ ಆರಿಸಿದಳು. ಮುಳ್ಳು ಚೂರು ಅಲುಗಿ ನಿಂತಿತು.

"ಅಬ್ಬ," ಎಂದರು ಟೀಚರ್. "ಆ ಸೂಜಿದಾರದವನು ಸಿಕ್ಕಿದ್ರೆ ಕರ್ಕೊಂಬಂದು ತೋರಿಸ್ಬೇಕು ಇದನ್ನ."

ಅಕ್ಕ ಇಂಜಿನ್ ನಿಲ್ಲಿಸಿದಳು. "ಅವನು ಇಲ್ಲೇ ಇದಾನೆ ಟೀಚರ್. ಅವನಲ್ಲ, ಅವಳು. ನಾಲ್ಕು ವರ್ಷದ ಹಿಂದೆ ನಾನೇ ಸುತ್ತಿದ್ದು. ಬಿಚ್ಚೋವಾಗ ಗೊತ್ತಾಯ್ತು. ಅರವತ್ನಾಲ್ಕು ಅಂತ ಬರೆಯೋ ಕಡೆ ನಲವತ್ತಾರು ಬರೆದಿದ್ದೆ. ನಿಮ್ಮ ಮೂರು ಡಬ್ಬಿ, ಆ ಸುಟ್ಟ ಸರ್ಕಿಟ್, ಎಲ್ಲ ನನ್ನಿಂದಾನೇ. ಕೂಲಿ ಏನೂ ಬೇಡ. ಇನ್ನೇನು ಹೇಳ್ಬೇಕೋ ಗೊತ್ತಿಲ್ಲ."

ಟೀಚರ್ ಅವಳನ್ನು ನೋಡಿದರು, ಜನರೇಟರನ್ನು ನೋಡಿದರು, ಸ್ಟೂಲಿನ ಮೇಲೆ ಕುಳಿತರು. ನಗಲಿಲ್ಲ. ಸ್ವಲ್ಪ ಬೇಸರವಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಸುಟ್ಟ ಸರ್ಕಿಟ್ಟಿನ ಜೊತೆ ಹೋದ ತಿಂಗಳು ಅವರ ನೂರು ಮೊಟ್ಟೆಗಳೂ ಹೋಗಿದ್ದವು. ಅದನ್ನು ಅವರು ಹೇಳಿದರು ಕೂಡ, ಮೆತ್ತಗೆ. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ನಲವತ್ತಾರು," ಎಂದರು ಟೀಚರ್ ಕೊನೆಗೆ. "ಎಷ್ಟು ಸ್ಲೇಟಿನ ಮೇಲೆ ಒರೆಸಿದೀನೋ ಆ ತಪ್ಪನ್ನ. ಮಕ್ಕಳು ತಿದ್ದಿದ ಮೇಲೂ ಒಪ್ಕೊಳ್ತಿರಲಿಲ್ಲ, 'ಸ್ಲೇಟೇ ಹಾಗೆ ಟೀಚರ್' ಅನ್ನೋರು." ಎದ್ದು ಸೆರಗು ಸರಿಮಾಡಿಕೊಂಡರು. "ಕೂಲಿ ಬೇಡ ಅಂದ್ಯಲ್ಲ, ಸರಿ, ಕೊಡಲ್ಲ. ಆದ್ರೆ ತಂತಿ, ವಾರ್ನಿಶ್ ನೀನು ಮನೇಲಿ ಬೆಳೆದದ್ದಲ್ಲ, ಅದು ತಗೋ. ಮತ್ತೆ ನಾಳೆ ಬೆಳಿಗ್ಗೆ ಬಂದು ನೀನೇ ಶುರು ಮಾಡಿಕೊಡು. ಒಂದು ಗಂಟೆ ಕೂತು ನೋಡು. ನನ್ನ ಎದೆ ಗಟ್ಟಿ ಇಲ್ಲ."

ಒಂದು ಗಂಟೆ ಎಂದು ಹೋದವಳು ಮಂಗಳವಾರ ಪೂರ್ತಿ ಅಲ್ಲೇ ಇದ್ದಳು, ಬುಧವಾರವೂ ಹೋದಳು. ಹಿತ್ತಲಲ್ಲಿ ಜನರೇಟರ್ ಗುರುಗುಟ್ಟುತ್ತಿತ್ತು. ಕೋಣೆಯಲ್ಲಿ ಪೆಟ್ಟಿಗೆಯ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಮೀಟರು ಮಾತ್ರ ಇದ್ದಲ್ಲೇ ಇತ್ತು. ಗಾಜಿನ ಕಿಂಡಿಯಿಂದ ಟೀಚರ್ ಅವಳಿಗೆ ಮೊಟ್ಟೆಗಳನ್ನು ತೋರಿಸಿದರು. ಎರಡು ಬೀದಿ ಆಚೆ ಕಂಬದ ಮೇಲಿದ್ದ ಗಂಡ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಲ್ಲಿಗೇ ಬಂದ. ಬುಧವಾರ ಸಂಜೆ ಐದಕ್ಕೆ ಬರಬೇಕಾದ ಕರೆಂಟ್ ಆರೂವರೆಗೆ ಬಂತು. ಅದಕ್ಕೆ ಟೀಚರ್ ಅವನನ್ನೇ ಬೈದರು. ಅವನು ಬೈಸಿಕೊಂಡ.

ಗುರುವಾರ ಬೆಳಿಗ್ಗೆ ಅಪ್ಪನನ್ನೂ ಕರೆದುಕೊಂಡು ಮೂವರೂ ಹೋದರು. ಪೆಟ್ಟಿಗೆಯೊಳಗೆ ಚಿಪ್ಪು ಬಿರಿಯುವ ಸದ್ದು ಸಣ್ಣ ಕಡ್ಡಿ ಮುರಿದಂತೆ ಕೇಳುತ್ತಿತ್ತು. ಒದ್ದೆ ಮರಿಗಳು ಒಂದರ ಮೇಲೊಂದು ಬಿದ್ದು ಎದ್ದು ಒಣಗುತ್ತಿದ್ದವು. ಅಷ್ಟು ಸಣ್ಣ ಸದ್ದು ಕಿವಿಗೆ ಬೀಳದ ಅಪ್ಪ ಗಾಜಿಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಇನ್ನೂರ ಐವತ್ತೊಂದು ಮರಿ ಬಂದವೆಂದು ಶುಕ್ರವಾರ ಟೀಚರ್ ಹೇಳಿ ಕಳಿಸಿದರು. ಅವರು ಎಣಿಸಿದ್ದರಿಂದ ಅದರಲ್ಲಿ ಸಂದೇಹವಿರಲಿಲ್ಲ.

ಅಲ್ಲಿಗೆ ಅಕ್ಕನ ಮನಸ್ಸು ಹಗುರವಾಯಿತು, ಪೂರ್ತಿಯಾಗಿ ಅಲ್ಲ. ನೋಟ್‌ಬುಕ್ಕಿನಲ್ಲಿ ನಲವತ್ತಾರನ್ನು ಹೊಡೆದುಹಾಕಿ ಅರವತ್ನಾಲ್ಕು ಬರೆಯುವಾಗ ಪುಟದ ಅಂಚಿನಲ್ಲಿ ಮರುವರ್ಷ ಸೇರಿಸಿದ ಅವಳದೇ ಕೈಬರಹ ಕಂಡಿತ್ತು: "ಇದೇ ಲೆಕ್ಕದಲ್ಲಿ ಇನ್ನೊಂದು, ಪಂಕ್ಚರ್ ಅಂಗಡಿ." ಭಾನುವಾರ ಗಂಡನ ಸ್ಕೂಟರಿನಲ್ಲಿ ಹುಡುಕಿಕೊಂಡು ಹೋದಳು. ದೊಡ್ಡ ರಸ್ತೆಯ ಅಂಚಿನಲ್ಲಿ ಟೈರುಗಳ ರಾಶಿ. ಅದರ ಮಧ್ಯೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡು ಪಂಕ್ಚರಿನವನು ಕುಳಿತಿದ್ದ. ಜನರೇಟರ್ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು.

"ಅದರಲ್ಲಿ ಒಂದು ದೋಷ ಇದೆ, ಅಣ್ಣ. ನನ್ನ ಕೈತಪ್ಪು. ಬಿಟ್ಟಿಯಾಗಿ ಸರಿಮಾಡ್ಕೊಡ್ತೀನಿ" ಎಂದಳು.

ಅವನು ಅನುಮಾನದಿಂದ ನೋಡಿದ. "ಎಂಥ ದೋಷ? ಮೂರು ವರ್ಷದಿಂದ ಬಂಗಾರದ ಹಾಗೆ ಓಡ್ತಿದೆ."

"ಕಂಪ್ರೆಸರ್ ಹಾಕಿದಾಗ ಏನಾಗುತ್ತೆ?"

"ಏನೂ ಆಗಲ್ಲ. ಲೈಟ್ ಆರಿಸ್ಬೇಕು, ಫ್ಯಾನ್ ಆರಿಸ್ಬೇಕು, ರೇಡಿಯೋ ಆರಿಸ್ಬೇಕು, ಆಮೇಲೆ ಕಂಪ್ರೆಸರ್ ಹಾಕ್ಬೇಕು. ಗಾಳಿ ತುಂಬಿದ ಮೇಲೆ ಒಂದೊಂದಾಗಿ ಹಾಕ್ಕೋಬೇಕು. ಅದರ ಸ್ವಭಾವ ಹಾಗೆ. ನಾನೂ ಅದೂ ಹೊಂದ್ಕೊಂಡುಬಿಟ್ಟಿದೀವಿ."

ಹಿಂದೆ ನಿಂತಿದ್ದ ಗಂಡ ಬೇರೆ ಕಡೆ ಮುಖ ತಿರುಗಿಸಿದ. ಅಕ್ಕ ಅಲ್ಲೇ ಒಂದು ಟೈರಿನ ಮೇಲೆ ಕುಳಿತಳು. "ಎಲ್ಲ ಹಾಕಿರೋವಾಗಲೇ ಕಂಪ್ರೆಸರ್ ಓಡ್ಬೇಕು ಅಣ್ಣ. ರೇಡಿಯೋನೂ ಹಾಡ್ತಾ ಇರ್ಬೇಕು."

"ಹೌದಾ?" ಎಂದ ಅವನು. ಕೈಯಲ್ಲಿದ್ದ ಟ್ಯೂಬಿನಿಂದ ಗುಳ್ಳೆ ಏಳುತ್ತಲೇ ಇತ್ತು, ಅವನು ನೋಡಲಿಲ್ಲ. "ರೇಡಿಯೋನೂ?"

"ರೇಡಿಯೋನೂ."

ಅವನು ಬಹಳ ಯೋಚಿಸಿದ. ಕೊನೆಗೆ, ಮೂರು ದಿನದೊಳಗೆ ಕೊಡುವುದಾದರೆ ಮಾತ್ರ, ಅಲ್ಲಿಯವರೆಗೆ ಬದಲಿ ಒಂದನ್ನು ತಂದಿಡುವುದಾದರೆ ಮಾತ್ರ ಎಂದು ಒಪ್ಪಿದ. ಅಕ್ಕ ಎರಡಕ್ಕೂ ಹೂಂ ಎಂದಳು. ಗಂಡ ಮತ್ತು ಪಂಕ್ಚರಿನವನು ಸೇರಿ ಜನರೇಟರನ್ನು ಸ್ಕೂಟರಿನ ಹಿಂದಿನ ಸೀಟಿಗೆ ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿದರು. ಆಗ ಅವಳಿಗೆ ಕೂರಲು ಜಾಗವಿಲ್ಲವೆಂದು ತಿಳಿಯಿತು. ಗಂಡ ಮೆಲ್ಲಗೆ ಸ್ಕೂಟರ್ ಬಿಟ್ಟುಕೊಂಡು ಮುಂದೆ ಹೋದ. ಅವಳು ಸಂಜೆಯ ಬಿಸಿಲಲ್ಲಿ ನಡೆದೇ ಮನೆಗೆ ಹೊರಟಳು.